ಸಾಸೇಜಿನ ಹಣೆಬರಹ ಹಂದಿದೊಡ್ಡಿಯಲ್ಲೇ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ಮಾಂಸದ ಗುಣ ತಿಳಿಯದು ಎಂದು ಯಾರೂ ಹೇಳುವಂತಿಲ್ಲ. ಕಾವೇರಿಯ ಆಚೆ ದಡದ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಹೆಸರೆತ್ತಿದರೆ ಸಾಕು, ಇಲ್ಲಿನವರ ಬಾಯಲ್ಲಿ ನೀರೂರುತ್ತದೆ. ಗಿಡ್ಡ ಕಾಲು, ದುಂಡು ಮೈ, ಮಾಂಸದ ಎಳೆಗಳ ನಡುವೆಯೇ ಹರಡಿಕೊಂಡ ಕೊಬ್ಬು. ಮಟನ್ ಅಂಗಡಿಯ ಮುಂದೆ ನಿಂತವರು ಮರಿಯೋ ಬಲಿತದ್ದೋ, ಯಾವ ಕಡೆಯದು, ಕಡಿದು ಎಷ್ಟು ಹೊತ್ತಾಯಿತು ಎಂದು ಕೇಳಿಯೇ ಚೀಲ ಬಿಚ್ಚುತ್ತಾರೆ. ಹಂದಿಮಾಂಸದ ಅಂಗಡಿಯ ಮುಂದೆ ಮಾತ್ರ ಈ ಪ್ರಶ್ನೆಗಳು ಏಳುವುದು ಕಡಿಮೆ. ‘ಕೊಬ್ಬು ಜಾಸ್ತಿ ಹಾಕಬೇಡ’ ಎಂಬ ಒಂದು ಮಾತಿಗೆ ವಿಚಾರಣೆ ಮುಗಿದುಹೋಗುತ್ತದೆ.

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಕಾಮಗೆರೆ ಸಿಗುತ್ತದೆ. ಹೊರಗಿನವರಿಗೆ ಈ ಊರು ಗೊತ್ತಿರುವುದು ಹೋಲಿ ಕ್ರಾಸ್ ಆಸ್ಪತ್ರೆಯಿಂದ. ಇಲ್ಲೂ ಮುಂದೆ ಮಾರ್ಟಳ್ಳಿ ಕಡೆಯ ಹಳ್ಳಿಗಳಲ್ಲೂ ಕ್ರೈಸ್ತ ಕುಟುಂಬಗಳಿವೆ. ಹಂದಿಮಾಂಸ ಅವರ ಹಬ್ಬದಡುಗೆಗೆ ಹೊರತಾದದ್ದಲ್ಲ. ರಾಜ್ಯದ ಬಯಲುಸೀಮೆಯಲ್ಲಿ ಕೊರಮ, ಹಂದಿಜೋಗಿ ಸಮುದಾಯಗಳು ತಲೆಮಾರುಗಳಿಂದ ಹಂದಿ ಸಾಕಿ ಬದುಕಿವೆ. ಈಗ ಈ ಕಸುಬಿಗೆ ಸರ್ಕಾರದ ದುಡ್ಡೂ ಬರುತ್ತಿದೆ. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ ಪ್ರಕಾರ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ ಬಂಡವಾಳದ ಅರ್ಧದಷ್ಟು, ಗರಿಷ್ಠ 30 ಲಕ್ಷ ರೂಪಾಯಿವರೆಗೆ ಸಹಾಯಧನ ಉಂಟು. ಹಂದಿ ಸಾಕಲು ಮುಂದಾದ ಯುವಕರು ಸಹಜವಾಗಿಯೇ ಮುಂದಿನ ಹೆಜ್ಜೆಯನ್ನೂ ಯೋಚಿಸುತ್ತಾರೆ: ಹಸಿ ಮಾಂಸ ಮಾರುವ ಬದಲು ಸಾಸೇಜ್, ಬೇಕನ್, ಹ್ಯಾಮ್, ಉಪ್ಪಿನಕಾಯಿ ಮಾಡಿ ಮೈಸೂರು, ಬೆಂಗಳೂರಿಗೆ ಕಳಿಸಿದರೆ ಹೇಗೆ?

ಯೋಚನೆ ಒಳ್ಳೆಯದೇ. ಆದರೆ ಇದರ ಜೊತೆಗೇ ಒಂದು ತಪ್ಪು ನಂಬಿಕೆಯೂ ಅಂಟಿಕೊಂಡು ಬರುತ್ತದೆ. ಚೆನ್ನಾಗಿರುವ ಮಾಂಸ ಅಂಗಡಿಗೆ, ಅಷ್ಟಕ್ಕಷ್ಟೆ ಇರುವುದು ಸಾಸೇಜಿಗೆ, ಹೇಗೂ ಅರೆದು ಮಸಾಲೆ ಹಾಕುತ್ತೇವಲ್ಲ ಎಂಬುದು ಆ ನಂಬಿಕೆ. ನಿಜ ಸ್ಥಿತಿ ತಿರುಗಾಮುರುಗಾ. ಸಾರಿನಲ್ಲಿ ಗಂಟೆಗಟ್ಟಲೆ ಕುದಿಯುವ ಮಾಂಸದ ಎಷ್ಟೋ ಕುಂದುಗಳು ಮಸಾಲೆಯಲ್ಲಿ ಮುಚ್ಚಿಹೋಗುತ್ತವೆ. ಸಂಸ್ಕರಿಸಿದ ಮಾಂಸದಲ್ಲಿ ಅದೇ ಕುಂದುಗಳು ಹೊರಬಿದ್ದು ಕಾಣುತ್ತವೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ಹಂದಿಯ ಕೊನೆಯ ಒಂದು ದಿನವನ್ನು ನೋಡಬೇಕು. ಬದುಕಿರುವ ಹಂದಿಯ ಸ್ನಾಯುವಿನ ಪಿಎಚ್ ಸುಮಾರು 7. ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಸ್ನಾಯುವಿನಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರಾಣ ಹೋದ ಮೇಲೆ ರಕ್ತ ನಿಂತು ಆಮ್ಲಜನಕ ಸಿಗದೆ ಆ ದಾಸ್ತಾನು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಮಾಂಸ ನಿಧಾನಕ್ಕೆ ಹುಳಿಯಾಗುತ್ತ ಹೋಗಿ ಮರುದಿನದ ಹೊತ್ತಿಗೆ ಪಿಎಚ್ 5.5ರಿಂದ 5.8ರ ನಡುವೆ ನಿಲ್ಲುತ್ತದೆ. ಹೀಗೆ ನಿಧಾನವಾಗಿ, ಮಾಂಸ ತಣ್ಣಗಾಗುತ್ತಿರುವಾಗಲೇ ಹುಳಿ ಏರಿದರೆ ಎಲ್ಲವೂ ಸರಿ. ಬಣ್ಣ ನಸುಗೆಂಪು, ಹಿಡಿತ ಗಟ್ಟಿ, ನೀರು ಒಳಗೇ ಉಳಿಯುತ್ತದೆ.

ಕಡಿಯುವ ಮುನ್ನ ಹಂದಿ ಬೆದರಿದ್ದರೆ ಕತೆಯೇ ಬೇರೆ. ಕಾಲು ಕಟ್ಟಿ, ತಲೆಕೆಳಗು ಮಾಡಿ, ಬೈಕಿನ ಹಿಂದೆಯೋ ಗೂಡ್ಸ್ ಆಟೋದಲ್ಲೋ ತಂದ ಹಂದಿ ದಾರಿಯುದ್ದಕ್ಕೂ ಚೀರುತ್ತದೆ, ಒದ್ದಾಡುತ್ತದೆ. ಹಂದಿಗೆ ಬೆವರಿಳಿಸಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಏಪ್ರಿಲ್ ಬಿಸಿಲಿನ ಹನೂರು ರಸ್ತೆಯಲ್ಲಿ ಅದರ ಮೈ ಕಾದು ಕೆಂಡವಾಗುತ್ತದೆ. ಅದೇ ಸ್ಥಿತಿಯಲ್ಲಿ ಇಳಿಸಿ ಕಡಿದರೆ ಹುಳಿ ಶರವೇಗದಲ್ಲಿ ಏರುತ್ತದೆ. ಮುಕ್ಕಾಲು ಗಂಟೆಯೊಳಗೆ ಪಿಎಚ್ 6ಕ್ಕಿಂತ ಕೆಳಗೆ ಬಂದಿರುತ್ತದೆ, ಆದರೆ ಮಾಂಸ ಇನ್ನೂ ಬಿಸಿ. ಬಿಸಿಯೂ ಹುಳಿಯೂ ಸೇರಿದರೆ ಮಾಂಸದ ಪ್ರೋಟೀನು ಅಲ್ಲೇ ಅರ್ಧ ಬೆಂದಂತಾಗಿ ಕೆಡುತ್ತದೆ. ಬಣ್ಣ ಬಿಳಿಚಿಕೊಳ್ಳುತ್ತದೆ, ಒತ್ತಿದರೆ ಮೆತ್ತಗೆ, ತಟ್ಟೆಯಲ್ಲಿಟ್ಟರೆ ಸುತ್ತ ಗುಲಾಬಿ ನೀರು. ಮಾಂಸ ವಿಜ್ಞಾನಿಗಳು ಇದನ್ನು ಪಿಎಸ್‌ಇ ಎನ್ನುತ್ತಾರೆ: ಬಿಳಿಚಿದ, ಮೆತ್ತಗಿನ, ನೀರು ಬಿಡುವ ಮಾಂಸ. ಬೇಕನ್ ರಫ್ತಿಗೆ ಹೆಸರಾದ ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲೇ ಈ ಸಮಸ್ಯೆಯನ್ನು ಗುರುತಿಸಿದ್ದರು.

ಇದಕ್ಕೆ ವಿರುದ್ಧವಾದದ್ದೂ ಒಂದಿದೆ. ದೂರದ ಸಂತೆಯಿಂದ ಹೊಟ್ಟೆಗಿಲ್ಲದೆ, ನೀರಿಲ್ಲದೆ, ಒಂದನ್ನೊಂದು ಕಚ್ಚಾಡುತ್ತ ಬಂದ ಹಂದಿಯಲ್ಲಿ ಗ್ಲೈಕೊಜೆನ್ ದಾಸ್ತಾನು ಮೊದಲೇ ಖಾಲಿ. ಕಡಿದ ಮೇಲೆ ಹುಳಿಯಾಗಲು ಏನೂ ಉಳಿದಿರುವುದಿಲ್ಲ. ಪಿಎಚ್ 6ರ ಮೇಲೆಯೇ ನಿಂತುಬಿಡುತ್ತದೆ. ಮಾಂಸ ಕಡುಗೆಂಪು, ಗಟ್ಟಿ, ಒಣಗಿದಂತೆ ಕಾಣುತ್ತದೆ. ಇದಕ್ಕೆ ಡಿಎಫ್‌ಡಿ ಎಂಬ ಹೆಸರು. ನೋಡಿದವರು ‘ಒಳ್ಳೇ ಕೆಂಪಗಿದೆ’ ಎಂದು ಕೊಂಡುಹೋಗುತ್ತಾರೆ. ಹುಳಿಯೇ ಇಲ್ಲದ ಈ ಮಾಂಸ ಬ್ಯಾಕ್ಟೀರಿಯಾಗಳಿಗೆ ಮಾತ್ರ ಹಬ್ಬದೂಟ. ಬೇಗ ಹಳಸುತ್ತದೆ.

ಈ ಎರಡೂ ಬಗೆಯ ಮಾಂಸ ಸಂಸ್ಕರಣೆಗೆ ಬಂದಾಗ ಏನಾಗುತ್ತದೆ ಎಂಬುದನ್ನು ಹ್ಯಾಮ್‌ನಲ್ಲಿ ಸ್ಪಷ್ಟವಾಗಿ ನೋಡಬಹುದು. ಹ್ಯಾಮ್ ಎಂದರೆ ಉಪ್ಪು ಹಾಕಿ ಹದಗೊಳಿಸಿದ ಹಂದಿಯ ತೊಡೆ. ಪಿಎಸ್‌ಇ ತೊಡೆಯ ಎಳೆಗಳು ಸಡಿಲ. ಉಪ್ಪು ಸರ್ರನೆ ಒಳಗೆ ಇಳಿದು ವಿಪರೀತ ಉಪ್ಪಾಗುತ್ತದೆ, ನೀರು ಹೊರಗೆ ಹರಿಯುತ್ತದೆ. ಬೇಯಿಸಿ ತೆಳ್ಳಗೆ ಕತ್ತರಿಸಿದರೆ ಹೋಳಿನ ನಡುವೆ ತೂತುಗಳು, ಅಂಚು ಪುಡಿಪುಡಿ. ಡಿಎಫ್‌ಡಿ ತೊಡೆಯ ಎಳೆಗಳು ಬಿಗಿ. ಉಪ್ಪು ಮೂಳೆಯವರೆಗೆ ತಲುಪುವುದೇ ಇಲ್ಲ. ಹೊರಗಿನಿಂದ ಚೆನ್ನಾಗಿಯೇ ಕಾಣುವ ಹ್ಯಾಮ್ ಮೂಳೆಯ ಸುತ್ತ ಕೊಳೆತಿರುತ್ತದೆ. ವಾರಗಟ್ಟಲೆಯ ಶ್ರಮವನ್ನೆಲ್ಲ ಗುಂಡಿಗೆ ಹಾಕಬೇಕು.

ಬೆದರಿಕೆಯೊಂದೇ ಅಲ್ಲ, ವಂಶದಲ್ಲೂ ಈ ದೋಷ ಬರುತ್ತದೆ. ಬೆಲ್ಜಿಯಂನ ಪಿಯೆಟ್ರೇನ್ ತಳಿ ದಪ್ಪ ತೊಡೆಗೆ ಹೆಸರಾಗಿತ್ತು, ಜೊತೆಗೆ ಸಣ್ಣ ಗಾಬರಿಗೂ ಬಿದ್ದು ಸಾಯುವುದಕ್ಕೂ. ಕೆನಡಾದ ಡೇವಿಡ್ ಮ್ಯಾಕ್ಲೆನನ್ ಮತ್ತವರ ಸಂಗಡಿಗರು 1991ರಲ್ಲಿ ಇದರ ಹಿಂದಿನ ಜೀನ್ ಬದಲಾವಣೆಯನ್ನು ಪತ್ತೆಹಚ್ಚಿದರು. ಅದರಿಂದ ತಳಿಗಾರರು ರಕ್ತ ಪರೀಕ್ಷೆ ಮಾಡಿಯೇ ಅಂಥ ಹಂದಿಗಳನ್ನು ಬೇರ್ಪಡಿಸಲು ಸಾಧ್ಯವಾಯಿತು. ಹ್ಯಾಂಪ್‌ಷೈರ್ ತಳಿಯ ಕತೆ ಇನ್ನೊಂದು. ಅದರ ಸ್ನಾಯುವಿನಲ್ಲಿ ಗ್ಲೈಕೊಜೆನ್ ಅತಿಯಾಗಿ ಇರುವಂತೆ ಮಾಡುವ ಒಂದು ಜೀನ್ ಇದೆ. ಮಾಂಸ ಬೇಕಾದ್ದಕ್ಕಿಂತ ಹುಳಿಯಾಗುತ್ತದೆ. ಫ್ರಾನ್ಸಿನವರು ಬೇಯಿಸಿದ ಹ್ಯಾಮ್ ತೂಗಿ ನೋಡುತ್ತಲೇ ಇದನ್ನು ಕಂಡುಕೊಂಡರು: ನೂರು ಕಿಲೋಗೆ ಐದಾರು ಕಿಲೋ ಕಡಿಮೆ. 2000ದಲ್ಲಿ ಆ ಜೀನ್ ಕೂಡ ಸಿಕ್ಕಿತು. ನಮ್ಮ ರೈತ ಮರಿ ಕೊಳ್ಳುವಾಗ ಎಷ್ಟು ತಿಂಗಳಿಗೆ ನೂರು ಕಿಲೋ ಬರುತ್ತದೆ ಎಂದಷ್ಟೇ ಕೇಳುತ್ತಾನೆ. ಅದರ ತಾಯಿತಂದೆ ಯಾವುವು, ದಾರಿಯಲ್ಲಿ ಸಾಯುವ ಚಾಳಿ ಆ ಮಂದೆಯಲ್ಲಿದೆಯೇ ಎಂದೂ ಕೇಳಬೇಕು.

ಸಾಸೇಜ್ ಮಾಡುವ ಬಟ್ಟಲಿನೊಳಕ್ಕೆ ಇಣುಕಿದರೆ ಇದೆಲ್ಲ ಇನ್ನೂ ಸ್ಪಷ್ಟವಾಗುತ್ತದೆ. ಮೊದಲು ಕೊಬ್ಬಿಲ್ಲದ ಮಾಂಸವನ್ನು ಸುಮಾರು ಶೇ 2ರಷ್ಟು ಉಪ್ಪು, ಐಸ್ ಪುಡಿಯ ಜೊತೆ ಅರೆಯುತ್ತಾರೆ. ಉಪ್ಪಿಗೆ ಮಾಂಸದೊಳಗಿನ ಮಯೋಸಿನ್ ಎಂಬ ಪ್ರೋಟೀನು ಕರಗಿ ಹೊರಬರುತ್ತದೆ. ಮಿಶ್ರಣ ಅಂಟಂಟಾಗಿ, ಅಂಗೈಗೆ ಬಳಿದು ಕೈ ಮಗುಚಿದರೂ ಬೀಳದಷ್ಟು ಹಿಡಿದುಕೊಳ್ಳಬೇಕು. ಆಮೇಲೆ ಕೊಬ್ಬು ಸೇರಿಸುತ್ತಾರೆ. ಆ ಅಂಟೇ ಕೊಬ್ಬಿನ ಒಂದೊಂದು ಕಣವನ್ನೂ ಸುತ್ತಿಕೊಂಡು, ನೀರನ್ನೂ ಹಿಡಿದಿಟ್ಟು, ಬೆಂದಾಗ ಗಟ್ಟಿಯಾಗುತ್ತದೆ. ಈ ಹೊತ್ತಿನಲ್ಲಿ ಮಿಶ್ರಣದ ತಾಪ 12ರಿಂದ 15 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಐಸ್ ಹಾಕುವುದು ಅದಕ್ಕೇ. ಪಿಎಸ್‌ಇ ಮಾಂಸದಲ್ಲಿ ಮಯೋಸಿನ್ ಮೊದಲೇ ಕೆಟ್ಟಿರುತ್ತದೆ. ಎಷ್ಟು ಅರೆದರೂ ಅಂಟು ಬರುವುದಿಲ್ಲ. ಬೇಯಿಸಿದಾಗ ಸಾಸೇಜಿನ ಒಂದು ತುದಿಯಲ್ಲಿ ಕೊಬ್ಬು, ಇನ್ನೊಂದು ತುದಿಯಲ್ಲಿ ಲೋಳೆಯಂಥ ನೀರು ನಿಲ್ಲುತ್ತದೆ. ಕಚ್ಚಿದರೆ ಮರಳು ಮರಳು.

ಆಗ ಕಾರ್ಖಾನೆಯವರು ಪಿಷ್ಟ, ಸೋಯಾ ಪುಡಿ, ಫಾಸ್ಫೇಟ್ ಸುರಿಯುತ್ತಾರೆ. ಮಿತಿಯಲ್ಲಿ ಬಳಸಲು ಕಾನೂನಿನ ಅಡ್ಡಿಯಿಲ್ಲ, ನೀರೂ ನಿಲ್ಲುತ್ತದೆ. ಆದರೆ ಕೊಂಡವರು ಮಾಂಸದ ಬೆಲೆ ಕೊಟ್ಟು ಪಿಷ್ಟವನ್ನೂ ನೀರನ್ನೂ ತಿನ್ನುತ್ತಾರೆ.

ಕೊಬ್ಬಿನ ವಿಚಾರಕ್ಕೆ ಬಂದರೆ, ಅದು ನೇರವಾಗಿ ಮೇವಿನ ಲೆಕ್ಕ. ದನ, ಕುರಿಗಳ ಹೊಟ್ಟೆಯಲ್ಲಿ ಮೇವಿನ ಎಣ್ಣೆಯಂಶವನ್ನು ಬ್ಯಾಕ್ಟೀರಿಯಾಗಳು ಮಾರ್ಪಡಿಸುತ್ತವೆ. ಹಂದಿಗೆ ನಮ್ಮ ಹಾಗೆ ಒಂದೇ ಹೊಟ್ಟೆ. ತಿಂದ ಎಣ್ಣೆ ಎಂಥದೋ ಅಂಥದೇ ಕೊಬ್ಬು ಮೈಗೆ ಕೂರುತ್ತದೆ. ಪಟ್ಟಣದ ಅಂಚಿನ ಎಷ್ಟೋ ಹಂದಿದೊಡ್ಡಿಗಳು ನಡೆಯುವುದು ಹೋಟೆಲ್ ಮುಸುರೆಯಿಂದ: ಕರಿದ ಎಣ್ಣೆ, ಉಳಿದ ಪಲಾವು, ಬೋಂಡ, ಬಿರಿಯಾನಿ. ಮೇವಿನ ಖರ್ಚು ಉಳಿಯುತ್ತದೆ, ಹಂದಿಯೂ ಬೇಗ ತೂಕ ಬರುತ್ತದೆ. ಆದರೆ ಕೊಬ್ಬು ಮೆತ್ತಗೆ, ಎಣ್ಣೆ ಎಣ್ಣೆ. ಬೇಕನ್ ಹೋಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸಲಾಮಿಯಲ್ಲಿ ಬಿಳಿ ಚುಕ್ಕೆಗಳಾಗಿ ನಿಲ್ಲಬೇಕಾದ ಕೊಬ್ಬು ಕಲಸಿಹೋಗುತ್ತದೆ, ಫ್ರೀಜರಿನಲ್ಲಿಟ್ಟರೂ ಕೆಲ ತಿಂಗಳಲ್ಲಿ ಕಮಟು ವಾಸನೆ. ಮೀನಿನ ತ್ಯಾಜ್ಯ ಹಾಕಿದರಂತೂ ಕೊಬ್ಬಿನಲ್ಲೇ ಮೀನು ನಾರುತ್ತದೆ.

ಇಟಲಿಯ ಪಾರ್ಮಾ ಹ್ಯಾಮ್‌ಗೆ ತೊಡೆ ಮತ್ತು ಉಪ್ಪು, ಎರಡೇ ಸಾಮಗ್ರಿ. ಕೆಡದಂತೆ ಹಾಕುವ ನೈಟ್ರೈಟ್ ಇಲ್ಲ, ಹೊಗೆ ಇಲ್ಲ. ಹಾಗಾಗಿ ಮಾಂಸದ ಮೇಲೆಯೇ ಅವರ ಕಟ್ಟುನಿಟ್ಟು. ಹಂದಿಗೆ ಕನಿಷ್ಠ 9 ತಿಂಗಳಾಗಿರಬೇಕು, ಕೊಬ್ಬಿನಲ್ಲಿ ಅದನ್ನು ಮೆತ್ತಗಾಗಿಸುವ ಲಿನೋಲಿಯಿಕ್ ಆಮ್ಲ ಶೇ 15ನ್ನು ಮೀರಬಾರದು ಎಂದು ನಿಯಮವೇ ಇದೆ. ಚೀಸ್ ಮಾಡಿ ಉಳಿದ ಹಾಲಿನ ತಿಳಿನೀರು ಅಲ್ಲಿನ ಹಂದಿಗಳ ಮೇವಿನ ಭಾಗ. ಹನೂರು ಕಡೆ ಮುಸುಕಿನ ಜೋಳ, ರಾಗಿ, ಹುರುಳಿ ಬೆಳೆಯುತ್ತಾರೆ. ಕೊನೆಯ ಕೆಲವು ವಾರಗಳಾದರೂ ಮುಸುರೆ ನಿಲ್ಲಿಸಿ ಧಾನ್ಯ, ಹಿಂಡಿಯ ಮೇವು ಕೊಟ್ಟರೆ ಕೊಬ್ಬು ಗಟ್ಟಿಯಾಗತೊಡಗುತ್ತದೆ. ಪಾರ್ಮಾದ ಬೆಲೆ ಇಲ್ಲಿ ಯಾರೂ ಕೊಡುವುದಿಲ್ಲ ನಿಜ. ಆದರೂ ಮೇವಿಗೆ ಹಾಕಿದ ದುಡ್ಡು ಕಮಟಿಲ್ಲದ ಸರಕಾಗಿ ವಾಪಸು ಬರುತ್ತದೆ.

ಕರ್ನಾಟಕದಲ್ಲಿ ಹಂದಿಮಾಂಸ ಕೆಡದಂತೆ ಇಡುವ ಜಾಣತನ ಹೊಸದೇನಲ್ಲ. ಕೊಡಗಿನಲ್ಲಿ ಪಂದಿ ಕರಿಗೆ ಕಾಚಂಪುಳಿ ಎಂಬ ಹುಳಿ ಬೀಳಲೇಬೇಕು. ಒಲೆಯ ಮೇಲಿನ ಹೊಗೆಯಲ್ಲಿ ಮಾಂಸ ಒಣಗಿಸುವ ಪದ್ಧತಿಯೂ ಅಲ್ಲುಂಟು. ಗೋವಾದ ಚೊರಿಸ್ ಎಂಬ ಸಾಸೇಜ್ ವಿನೆಗರ್, ಮೆಣಸಿನಕಾಯಿ, ಉಪ್ಪಿನ ಬಲದಲ್ಲಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ದಂಡು ಪ್ರದೇಶದ ಬ್ರಿಟಿಷರ ಊಟದ ರೂಢಿ ಉಳಿದು, ಎಂ.ಜಿ. ರಸ್ತೆಯ ಬೆಂಗಳೂರು ಹ್ಯಾಮ್ ಶಾಪ್ ದಶಕಗಳ ಕಾಲ ಊರಿಗೆಲ್ಲ ಹ್ಯಾಮ್, ಬೇಕನ್ ಒದಗಿಸಿತು. ಇತ್ತೀಚೆಗೆ ಕೊಡಗಿನ ಹಂದಿಮಾಂಸದ ಉಪ್ಪಿನಕಾಯಿ ಬಾಟಲಿಗಳು ಪ್ರವಾಸಿಗರ ಚೀಲ ಸೇರುತ್ತಿವೆ. ಕಾಮಗೆರೆಯಂಥ ಊರಿನ ಮಹಿಳಾ ಸಂಘಗಳಿಗೆ ಸಾಸೇಜ್ ಯಂತ್ರಕ್ಕಿಂತ ಈ ದಾರಿ ಹತ್ತಿರದ್ದು ಎಂದೇ ಹೇಳಬೇಕು.

ಉಪ್ಪಿನಕಾಯಿಯಲ್ಲೂ ಎಚ್ಚರ ತಪ್ಪುವಂತಿಲ್ಲ. ಮಾಂಸದ ನೀರೆಲ್ಲ ಇಂಗುವಷ್ಟು ಹುರಿದು, ಹುಳಿ ಸರಿಯಾಗಿ ಹಿಡಿಸಿ, ಎಣ್ಣೆ ಮೇಲೆ ನಿಲ್ಲುವಂತೆ ಮಾಡಬೇಕು. ಗಾಳಿಯಾಡದ ಎಣ್ಣೆಯ ಅಡಿಯಲ್ಲಿ, ಪಿಎಚ್ 4.6ಕ್ಕಿಂತ ಮೇಲಿದ್ದರೆ, ಬೊಟುಲಿಸಂ ಎಂಬ ಮಾರಕ ಕಾಯಿಲೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಡಿಎಫ್‌ಡಿ ಮಾಂಸಕ್ಕೆ ಹೆಚ್ಚು ಹುಳಿ ಬೇಕು, ಸಾಮಾನ್ಯ ಮಾಂಸಕ್ಕೆ ಕಡಿಮೆ ಸಾಕು. ನಾಲಗೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ಪಿಎಚ್ ಮೀಟರ್ ಇಲ್ಲದೆ ಮಾಂಸದ ಉಪ್ಪಿನಕಾಯಿಯನ್ನು ಊರಿಂದಾಚೆ ಮಾರಲು ಹೊರಡಬಾರದು. ಇದನ್ನೆಲ್ಲ ಕಲಿಯಲು ದೂರವೇನೂ ಹೋಗಬೇಕಿಲ್ಲ. 1950ರಿಂದ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಾಂಸ, ಮೀನು ಸಂಸ್ಕರಣೆಗೇ ಮೀಸಲಾದ ವಿಭಾಗವಿದೆ.

ಮಾಂಸದ ಗುಣ ಎಂದರೆ ಬಣ್ಣ, ಹಿಡಿತ, ಕೊಬ್ಬಿಗಷ್ಟೇ ಮುಗಿಯುವುದಿಲ್ಲ. ಬಯಲಿನಲ್ಲಿ ಅಲೆಯುವ ಹಂದಿ ಮನುಷ್ಯರ ಮಲ ತಿಂದರೆ ಅದರೊಡನೆ ಲಾಡಿಹುಳುವಿನ ಮೊಟ್ಟೆಗಳೂ ಹೊಟ್ಟೆಗೆ ಹೋಗಬಹುದು. ಅವು ಸ್ನಾಯುಗಳಲ್ಲಿ ಅಕ್ಕಿಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತ ದೊಡ್ಡ ಬಿಳಿ ಗುಳ್ಳೆಗಳಾಗಿ ಕೂರುತ್ತವೆ. ಅಂಥ ಮಾಂಸವನ್ನು ಅರೆಬರೆ ಬೇಯಿಸಿ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆ ವ್ಯಕ್ತಿಯ ಮಲದಿಂದ ಹೊರಬಿದ್ದ ಮೊಟ್ಟೆಗಳು ನೀರು, ಸೊಪ್ಪು, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿ ಮೆದುಳಿಗೆ ತಲುಪಿದರೆ ಮೂರ್ಛೆರೋಗ. ಹಂದಿಯನ್ನೇ ಮುಟ್ಟದ ಸಸ್ಯಾಹಾರಿಗೂ ಇದು ಬರಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರಿಗೆ ಬಹುಕಾಲದಿಂದ ಪರಿಚಿತವಾದ ಕಾಯಿಲೆ ಇದು. ಗುಳ್ಳೆಗಳಿರುವ ಮಾಂಸವನ್ನು ಅರೆದು ಸಾಸೇಜ್ ಮಾಡಿದರೆ ಕಣ್ಣಿಗೆ ಕಾಣುವ ಕೊನೆಯ ಸುಳಿವೂ ಅಳಿಸಿಹೋಗುತ್ತದೆ. ಹಾಗಾಗಿ ಪರೀಕ್ಷೆ ಅರೆಯುವ ಮುನ್ನವೇ ಆಗಬೇಕು. ಊರಿಗೆ ಶೌಚಾಲಯ, ಹಂದಿಗೆ ದೊಡ್ಡಿ, ಇವೆರಡೂ ಇಲ್ಲದೆ ಒಳ್ಳೆಯ ಹಂದಿಮಾಂಸದ ಮಾತಾಡುವುದರಲ್ಲಿ ಅರ್ಥವಿಲ್ಲ.

ಆಫ್ರಿಕನ್ ಹಂದಿಜ್ವರದ್ದು ಬೇರೆ ಬಗೆಯ ಅಪಾಯ. ಮನುಷ್ಯರಿಗೆ ತಗಲದ, ಆದರೆ ಮಂದೆಗೆ ಮಂದೆಯನ್ನೇ ಕೊಲ್ಲುವ ಈ ರೋಗಕ್ಕೆ ಮದ್ದಿಲ್ಲ. 2007ರಲ್ಲಿ ಜಾರ್ಜಿಯಾ ದೇಶದ ಪೋತಿ ಬಂದರಿನಲ್ಲಿ ಹಡಗಿನ ಮುಸುರೆಯಿಂದ ಹಂದಿಗಳಿಗೆ ಹರಡಿತೆಂದು ನಂಬಲಾಗಿದೆ. 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ, 2022ರಲ್ಲಿ ನಮ್ಮ ಗಡಿಯಾಚೆಯ ವಯನಾಡು. ಉಪ್ಪು ಹಾಕಿ ಒಣಗಿಸಿದ ಹ್ಯಾಮ್, ಸಾಸೇಜಿನಲ್ಲೂ ಈ ವೈರಸ್ ತಿಂಗಳುಗಟ್ಟಲೆ ಬದುಕಿರಬಲ್ಲದು. ಯಾರೋ ತಿಂದು ಬಿಸಾಡಿದ ಸಾಸೇಜಿನ ಚೂರು ಮುಸುರೆ ಬಕೆಟ್ಟಿಗೆ ಬಿದ್ದು ದೊಡ್ಡಿಗೆ ಬಂದರೆ ಸಾಕು. ಮುಸುರೆ ಹಾಕಲೇಬೇಕಾದರೆ 90 ಡಿಗ್ರಿಯಲ್ಲಿ ಕನಿಷ್ಠ ಒಂದು ಗಂಟೆ, ಕೈಯಾಡಿಸುತ್ತ ಕುದಿಸಬೇಕು ಎಂಬುದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನದಂಡ.

ಹಾಗಾದರೆ ಮೊದಲು ದುಡ್ಡು ಹಾಕಬೇಕಾದದ್ದು ಎಲ್ಲಿ? ಮಾಂಸ ಸಂಸ್ಕರಣಾ ಘಟಕದ ಯೋಜನಾ ವರದಿಗಳಲ್ಲಿ ಅರೆಯುವ ಯಂತ್ರ, ತುಂಬುವ ಯಂತ್ರ, ಪೊಟ್ಟಣ ಕಟ್ಟುವ ಯಂತ್ರಗಳೇ ಮುಂದೆ ನಿಲ್ಲುತ್ತವೆ. ಅವುಗಳಿಗಿಂತ ಮೊದಲು ಬೇಕಾದದ್ದು ನೆರಳು, ನೀರು ಇರುವ ಒಂದು ತಂಗುದೊಡ್ಡಿ. 2001ರ ಕಸಾಯಿಖಾನೆ ನಿಯಮಗಳು ಕಡಿಯುವ ಮುನ್ನ ಪ್ರಾಣಿಗೆ 24 ಗಂಟೆ ವಿಶ್ರಾಂತಿ ಕೊಡಬೇಕು ಎನ್ನುತ್ತವೆ. ಒಬ್ಬ ಪಶುವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ತಪಾಸಣೆ ಮಾಡಬಾರದು ಎಂದೂ ಹೇಳುತ್ತವೆ. ಪ್ರಾಣಿದಯೆಗಾಗಿ ಬರೆದ ಆ ವಿಶ್ರಾಂತಿಯ ನಿಯಮದಲ್ಲಿ ಒಳ್ಳೆಯ ಹ್ಯಾಮ್‌ನ ಗುಟ್ಟೂ ಇದೆ. ಎರಡನೆಯದು ತಣ್ಣನೆಯ ಕೋಣೆ. ಕೂದಲು ಸುಡಲು ಬೆಂಕಿ ಹಿಡಿದ ಹಂದಿಯನ್ನು ಹಾಗೇ ಬಿಸಿಲಿನಲ್ಲಿ ತೂಗುಹಾಕಿದರೆ ಮೇಲೆ ಹೇಳಿದ ಬಿಸಿ–ಹುಳಿಯ ಕೇಡು ಶಾಂತವಾಗಿದ್ದ ಹಂದಿಯ ಮಾಂಸಕ್ಕೂ ತಟ್ಟುತ್ತದೆ. ತಾಲ್ಲೂಕಿಗೊಂದು ಸಾರ್ವಜನಿಕ ಶೀತಕೋಣೆ, ಅಲ್ಲೇ ಪಶುವೈದ್ಯರ ತಪಾಸಣೆ, ಇಷ್ಟನ್ನು ಪಶುಸಂಗೋಪನಾ ಇಲಾಖೆಯೂ ಸ್ಥಳೀಯ ಸಂಸ್ಥೆಗಳೂ ಮಾಡಿಕೊಟ್ಟರೆ ಸಣ್ಣ ಸಾಕಣೆದಾರರು ತಮ್ಮ ಸರಕನ್ನು ತಲೆಯೆತ್ತಿ ಮಾರಬಲ್ಲರು. ಸಹಾಯಧನ ಹಂದಿಗಳ ಸಂಖ್ಯೆಯ ಮೇಲೆ ಮಾತ್ರ ನಿಲ್ಲಬಾರದು.

ತಿನ್ನುವವರಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಏರುತ್ತದೆ ಎಂದಿತು. ಆದ್ದರಿಂದ ಇದು ಎಂದಾದರೊಮ್ಮೆ ತಿನ್ನುವ ಪದಾರ್ಥವಾಗಿಯೇ ಇರಲಿ. ತಿನ್ನುವ ದಿನ ಒಳ್ಳೆಯದನ್ನೇ ಆರಿಸಿ. ಹಸಿ ಮಾಂಸ ಕೊಳ್ಳುವಾಗ ತಟ್ಟೆಯಲ್ಲಿ ನೀರು ನಿಂತಿದೆಯೇ, ಬಣ್ಣ ಬಿಳಿಚಿದೆಯೇ, ಕೊಬ್ಬು ಬಿಳಿಯಾಗಿ ಗಟ್ಟಿಯಾಗಿದೆಯೇ ನೋಡಿ. ಹಂದಿ ಎಲ್ಲಿಯದು, ಏನು ತಿಂದದ್ದು ಎಂದು ಬಂಡೂರು ಮರಿಯ ಬಗ್ಗೆ ಕೇಳುವಷ್ಟೇ ಸಲೀಸಾಗಿ ಕೇಳಿ. ಪೊಟ್ಟಣದ ಸಾಸೇಜ್ ಕೊಂಡರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಹುಡುಕಿ, ಆಮೇಲೆ ಸಾಮಗ್ರಿಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ಕಾನೂನು. ಹಂದಿಮಾಂಸದ ಬೆನ್ನಿಗೇ ನೀರು, ಪಿಷ್ಟಗಳ ಹೆಸರಿದ್ದರೆ ಆ ಪೊಟ್ಟಣವನ್ನು ಅಲ್ಲೇ ಇಟ್ಟು ಬನ್ನಿ.